ಹೊಳೆಯ ಸದ್ದಿಗೆ ಒಂದು ಸನ್ನೆ

ಎದುರಿಗಿರುವವರು ಸುಮ್ಮನೆ ತಮ್ಮ ಮೂಗಿನ ತುದಿ ಮುಟ್ಟಿಕೊಂಡರೂ ಸಾಕು, ನನ್ನನ್ನೇ ಕರೆದರೇನೋ ಎಂದು ಇವತ್ತಿಗೂ ತಿರುಗಿ ನೋಡುತ್ತೇನೆ. ಈಚೆಗೆ ಒಂದು ಮದುವೆ ಮನೆಯಲ್ಲಿ ನೆಗಡಿಯಾಗಿದ್ದ ಯಾರೋ ಮೂಗು ಒರೆಸಿಕೊಂಡರು. ನಾನು ಎದ್ದು ಹೋಗಿ ಅವರ ಮುಂದೆ ನಿಂತುಬಿಟ್ಟೆ. ಅವರಿಗೂ ಗಾಬರಿ, ನನಗೂ ಗಾಬರಿ. ಏನು ಮಾಡಲಿ, ಎಷ್ಟೋ ವರ್ಷ ಅದೇ ನನ್ನ ಹೆಸರಾಗಿತ್ತು.

ಆ ಹೆಸರು ಬಿದ್ದದ್ದು ಪೀಣ್ಯದ ಎರಡನೇ ಹಂತದಲ್ಲಿ, ಕಬ್ಬಿಣವನ್ನು ಕೆಂಪಗೆ ಕಾಯಿಸಿ ಬಡಿದು ಟ್ರ್ಯಾಕ್ಟರಿನ ಬಿಡಿಭಾಗ ಮಾಡುತ್ತಿದ್ದ ಒಂದು ಶೆಡ್ಡಿನಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶೆಡ್ಡಿನಲ್ಲಿ ಮೂರು ದೊಡ್ಡ ಹ್ಯಾಮರುಗಳಿದ್ದವು. ಅವು ಬೀಳತೊಡಗಿದರೆ ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಅರ್ಧ ಮಾತು ಹಾರಿಹೋಗುತ್ತಿತ್ತು. ಹಾಗಾಗಿ ಬಾಯಿಗೆ ಅಲ್ಲಿ ಕೆಲಸವೇ ಇರಲಿಲ್ಲ, ಎಲ್ಲವೂ ಕೈಸನ್ನೆಯಲ್ಲಿ. ಎತ್ತು, ಇಳಿಸು, ಕಾದಿದೆ, ಚಹಾ ಬಂತು, ಸೂಪರ್‌ವೈಸರ್ ಬಂದ, ಅವನು ಇವತ್ತು ಮನೆಯಲ್ಲಿ ಜಗಳ ಆಡಿ ಬಂದಿದ್ದಾನೆ, ಎಲ್ಲಕ್ಕೂ ಸನ್ನೆಗಳಿದ್ದವು. ಮನುಷ್ಯರಿಗೂ ಒಬ್ಬೊಬ್ಬರಿಗೆ ಒಂದೊಂದು. ಸೇರಿದ ಮೊದಲ ವಾರವೇ ನಾನು ಇಬ್ಬರ ಜೊತೆ ಜಗಳ ಆಡಿದ್ದೆ. ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನನಗೆ ಮೂಗಿನ ತುದಿಯನ್ನೇ ಕೊಟ್ಟರು.

ಅಷ್ಟು ಗದ್ದಲದಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತಾಗುವ ಒಂದು ವಿಷಯವಿದೆ. ಸದ್ದು ಒಂದು ಹದ ದಾಟಿದ ಮೇಲೆ ಸದ್ದಾಗಿ ಉಳಿಯುವುದಿಲ್ಲ. ಮೈ ಹಗುರವಾಗಿ, ಕಣ್ಣು ಮಾತ್ರ ಎಚ್ಚರವಾಗಿ, ನಡುಮಧ್ಯಾಹ್ನವೇ ಕನಸಿನೊಳಗೆ ಓಡಾಡುತ್ತಿರುವ ಹಾಗೆ ಅನಿಸುತ್ತದೆ. ಕುಲುಮೆಯ ಬಾಯಿ ತೆರೆದಾಗ ಕಿತ್ತಳೆ ಬಣ್ಣದ ಬೆಳಕು ಎಲ್ಲರ ಮುಖದ ಮೇಲೆ ಬಿದ್ದು ಹೋಗುತ್ತಿತ್ತು. ಆ ಬೆಳಕಿನಲ್ಲಿ ಕೈಗಳು ಮೇಲೇಳುತ್ತಿದ್ದವು, ತಿರುಗುತ್ತಿದ್ದವು, ನಗುತ್ತಿದ್ದವು. ಹೌದು, ಕೈಗಳು ನಗುತ್ತಿದ್ದವು. ಕಿಟಕಿಯಾಚೆ ನೀಲಗಿರಿ ಮರಗಳು, ಅದರಾಚೆ ಇನ್ನೂ ಉಳಿದಿದ್ದ ರಾಗಿ ಹೊಲ, ತುಮಕೂರು ರಸ್ತೆಯ ಲಾರಿಗಳು, ಒಂದಕ್ಕೂ ಸದ್ದಿರಲಿಲ್ಲ.

ನಮ್ಮ ದೊಡ್ಡ ಹ್ಯಾಮರಿನ ಮೇಸ್ತ್ರಿಗೆ ಮೀಸೆ ತಿರುವುವುದೇ ಹೆಸರು. ನಲವತ್ತು ದಾಟಿದ ಆಳು, ಮಾಗಡಿ ಕಡೆಯವರು, ಬಾಗಿಲಷ್ಟು ಅಗಲದ ಭುಜ. ಹ್ಯಾಮರಿನ ಹತ್ತಿರ ಇಪ್ಪತ್ತು ವರ್ಷ ಕಳೆದಿದ್ದರು. ತಮಗಾಗಿ ಇಂಥದ್ದು ಬೇಕು ಎಂದು ಯಾರನ್ನೂ ಕೇಳಿದವರಲ್ಲ. ಹಬ್ಬದ ದಿನವೂ ಬೇರೆಯವರಿಗೆ ರಜೆ ಬಿಟ್ಟುಕೊಟ್ಟು ತಾವು ಬರುತ್ತಿದ್ದರು. ಶೆಡ್ಡಿನ ಹೊರಗೆ ಅವರು ಮಾತಾಡಿದ್ದನ್ನು ಕಂಡವರು ಕಡಿಮೆ. ಏನು ಕೇಳಿದರೂ ಒಂದು ನಗು. ಮಾತು ಬೆಳ್ಳಿ, ಮೌನ ಬಂಗಾರ ಅಂದರೆ ಇವರೇ ನೋಡು ಎಂದು ನಾವು ಹೇಳಿಕೊಳ್ಳುತ್ತಿದ್ದೆವು.

ಅಂಥ ಮನುಷ್ಯನಿಗೆ ಹೊಳೆಯ ಹುಚ್ಚು ಹತ್ತಿದ್ದು ಒಂದು ಮರದ ಪೆಟ್ಟಿಗೆಯಿಂದ. ಹೊರದೇಶದಿಂದ ಯಾವುದೋ ಯಂತ್ರದ ಭಾಗ ಬಂದಿತ್ತು. ಅದು ಅಲುಗಾಡದಿರಲಿ ಎಂದು ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆಗಳನ್ನು ಮುದ್ದೆ ಮಾಡಿ ತುರುಕಿದ್ದರು. ಅದರಲ್ಲೊಂದು ಹಾಳೆಯನ್ನು ಮೇಸ್ತ್ರಿ ತೊಡೆಯ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಬಂಡೆಗಳ ನಡುವೆ ಬೆಳ್ಳಗೆ ಉಕ್ಕುವ ನೀರು, ಅದರ ನೆತ್ತಿಯ ಮೇಲೆ ಒಂದು ರಬ್ಬರಿನ ದೋಣಿ, ಹುಟ್ಟು ಹಿಡಿದು ಬಾಯಿ ತೆರೆದು ಕೂತ ಆರು ಜನ. ಮೇಸ್ತ್ರಿ ಆ ಚಿತ್ರವನ್ನು ತಮ್ಮ ಪೆಟ್ಟಿಗೆಯ ಮುಚ್ಚಳದ ಒಳಗೆ, ದೇವರ ಪಟದ ಪಕ್ಕದಲ್ಲೇ ಅಂಟಿಸಿದರು. ಊಟದ ಹೊತ್ತಿಗೆ ನನ್ನನ್ನು ಕರೆದು ತೋರಿಸಿ, ಅಪರೂಪಕ್ಕೆ ಬಾಯಿ ಬಿಟ್ಟು ಹೇಳಿದರು: "ನೋಡ್ಲಾ, ಅವ್ರ ತಲೆ ಮ್ಯಾಲೂ ಅಳ್ದಿ ಟೋಪಿ, ನಮ್ ತಲೆ ಮ್ಯಾಲೂ ಅಳ್ದಿ ಟೋಪಿ. ಅವ್ರು ಓಯ್ತಾರೆ ಅಂದ್ರೆ ನಾವ್ಯಾಕ್ ಓಗ್ಬಾರ್ದು?"

ನಮ್ಮ ತಲೆಯ ಮೇಲೂ ಹಳದಿ ಹೆಲ್ಮೆಟ್ ಇತ್ತು, ನಿಜ.

ಕಾವೇರಿಗೇ ಹೋಗುವುದೆಂದು ತೀರ್ಮಾನವಾಯಿತು. ಕನಕಪುರ ದಾಟಿ ಸಂಗಮದ ಕೆಳಗೆ ಹೊಳೆ ಬಂಡೆಗಳ ನಡುವೆ ಸಿಕ್ಕಿಕೊಂಡು ರೇಗುತ್ತದೆ ಎಂದು ಕೇಳಿದ್ದೆವು. ಮಳೆ ನಿಂತು, ಪ್ರವಾಹ ಇಳಿದು, ನೀರಿನಲ್ಲಿ ಇನ್ನೂ ಸೊಕ್ಕು ಉಳಿದಿರುವ ಕಾರ್ತಿಕ ಮಾಸದಲ್ಲಿ ಇಳಿಯಬೇಕು. ಅದಕ್ಕೆ ಒಂದು ವರ್ಷಕ್ಕೂ ಹೆಚ್ಚು ಸಮಯವಿತ್ತು. ಆ ಒಂದು ವರ್ಷದ ಯೋಜನೆಯೆಲ್ಲ ನಡೆದದ್ದು ಹ್ಯಾಮರುಗಳ ನಡುವೆ, ಕೈಯಲ್ಲಿ. ನಮ್ಮ ಭಾಷೆಯಲ್ಲಿ ಹೊಳೆ ಎಂಬ ಮಾತೇ ಇರಲಿಲ್ಲ, ಅದನ್ನೂ ಹುಟ್ಟಿಸಿಕೊಳ್ಳಬೇಕಾಯಿತು. ಮೊಣಕೈಯಿಂದ ಬೆರಳ ತುದಿಯವರೆಗೆ ತೋಳನ್ನು ಹಾವಿನ ಹಾಗೆ ಆಡಿಸಿದರೆ ಹೊಳೆ. ಮುಷ್ಟಿ ಹಿಡಿದರೆ ಬಂಡೆ. ಅಂಗೈಯನ್ನು ದೊಪ್ಪೆಂದು ಕೆಳಕ್ಕೆ ಬಿಟ್ಟರೆ ನೀರು ಬೀಳುವ ಜಾಗ. ಕೆಂಪಗೆ ಕಾದ ತುಂಡನ್ನು ಇಕ್ಕಳದಲ್ಲಿ ಹಿಡಿದು ಹ್ಯಾಮರಿಗೆ ಕೊಡುವಾಗ, ಎರಡು ಏಟಿನ ನಡುವಿನ ಬಿಡುವಿನಲ್ಲಿ, ಮೇಸ್ತ್ರಿ ಎಡಗೈಯಲ್ಲಿ ಎರಡು ಬಂಡೆ ಒಂದು ತಿರುವು ತೋರಿಸುತ್ತಿದ್ದರು. ನಾನು ಅದಕ್ಕೊಂದು ದಾರಿ ತೋರಿಸುತ್ತಿದ್ದೆ. ಹೀಗೆ ದಿನಕ್ಕೆ ಎಷ್ಟು ಹೊಳೆ ದಾಟಿದೆವೋ ಲೆಕ್ಕವಿಲ್ಲ.

ನಾವು ಒಟ್ಟು ನಾಲ್ವರು. ಮೇಸ್ತ್ರಿ, ನಾನು, ಕುಲುಮೆ ನೋಡಿಕೊಳ್ಳುತ್ತಿದ್ದ ಕೋಲಾರದ ಗಣಿ ಕಡೆಯ ಒಬ್ಬ, ಅಂಚು ಕತ್ತರಿಸುವ ಪ್ರೆಸ್ಸಿನ ಮೇಲಿದ್ದ ದಾಸರಹಳ್ಳಿಯ ಒಬ್ಬ. ಕುಲುಮೆಯವನಿಗೆ ಬೆಂಕಿಯ ಮುಂದೆ ನಿಂತು ನಿಂತು ನೀರೆಂದರೆ ಪ್ರಾಣ. ಪ್ರೆಸ್ಸಿನವನಿಗೆ ಎಲ್ಲಕ್ಕೂ ಭಯ, ಆದರೂ ಬಿಟ್ಟು ಹೋದರೆ ಅದಕ್ಕಿಂತ ಹೆಚ್ಚು ಭಯ. ನಮ್ಮ ಶೆಡ್ಡು ನಿಂತಿದ್ದ ಜಾಗದಲ್ಲಿ ಅವನ ತಾತ ರಾಗಿ ಬಿತ್ತುತ್ತಿದ್ದರಂತೆ. ಅದನ್ನು ಅವನು ದಿನಕ್ಕೊಮ್ಮೆಯಾದರೂ ನೆನಪಿಸದೆ ಬಿಡುತ್ತಿರಲಿಲ್ಲ. ಈಜು ಎಲ್ಲರಿಗೂ ಬರುತ್ತಿತ್ತು. ಬಾವಿಯಲ್ಲಿ, ಕೆರೆಯಲ್ಲಿ ಕಲಿತ ಈಜು. ಹರಿಯುವ ನೀರಿಗೆ ಅದು ಸಾಲುತ್ತದೋ ಇಲ್ಲವೋ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ತುಮಕೂರು ರಸ್ತೆಯ ಟೈರಿನ ಅಂಗಡಿಯವರು ತೇಪೆ ಹಾಕಿ ಸಾಕಾಗಿ ಬಿಸಾಡಿದ ಲಾರಿ ಟ್ಯೂಬುಗಳನ್ನು ಹೊತ್ತು ತಂದೆವು. ಮತ್ತೆ ತೇಪೆ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದೋ ಎಂದು ಮಕ್ಕಳ ಹಾಗೆ ಬಗ್ಗಿ ನೋಡಿದೆವು. ಆರು ಟ್ಯೂಬು, ಮೇಲೆ ಬಿದಿರಿನ ಚೌಕಟ್ಟು, ಹಗ್ಗದ ಕಟ್ಟು, ಅದರ ಮೇಲೆ ಲಾರಿಯ ಟಾರ್ಪಾಲು. ಎದೆಗೆ ಕಟ್ಟಿಕೊಳ್ಳಲು ಗೋಣಿ ಚೀಲದೊಳಗೆ ಥರ್ಮೋಕೋಲ್ ಹೊಲಿದದ್ದು. ಅದನ್ನು ಹೊಲಿದುಕೊಟ್ಟ ಪ್ರೆಸ್ಸಿನವನ ಹೆಂಡತಿ, ಇದು ಯಾತಕ್ಕೆ ಎಂದು ಕೇಳಿದಾಗ ಅವನು ಚಳಿಗೆ ಎಂದು ಹೇಳಿದನಂತೆ.

ತೆಪ್ಪ ಕಟ್ಟುವ ಮೊದಲೇ ನಾವು ಅದರಲ್ಲಿ ಕೂರಲು ಕಲಿತೆವು. ಶೆಡ್ಡಿನ ಹಿಂದಿನ ಸಿಮೆಂಟು ನೆಲದ ಮೇಲೆ ಮೇಸ್ತ್ರಿ ಸೀಮೆಸುಣ್ಣದಲ್ಲಿ ಅದರ ನಕ್ಷೆಯನ್ನು ನಿಜವಾದ ಅಳತೆಗೇ ಬರೆದರು. ಯಾರು ಎಲ್ಲಿ ಕೂರಬೇಕೆಂದು ಒಂದೊಂದು ಸೊನ್ನೆ. ಮುಂದಿನ ಸೊನ್ನೆ ಅವರದು, ಅದರಲ್ಲಿ ಮಾತೇ ಇಲ್ಲ. ಹಿಂದೆ ಎಡಕ್ಕೆ ಕುಲುಮೆಯವನು, ಬಲಕ್ಕೆ ಪ್ರೆಸ್ಸಿನವನು, ಬಾಲದಲ್ಲಿ ನಾನು. ಊಟ ಮುಗಿಸಿ ಸೊನ್ನೆಗಳ ಮೇಲೆ ಖಾಲಿ ಪೆಟ್ಟಿಗೆ ಬೋರಲು ಹಾಕಿ ಕೂತು, ಬಿದಿರಿನ ಹುಟ್ಟು ಹಿಡಿದು, ಮೇಸ್ತ್ರಿಯ ಕೈ ಎತ್ತ ತೋರಿಸಿದರೆ ಅತ್ತ ಗಾಳಿಯನ್ನು ಹುಟ್ಟುಹಾಕುತ್ತಿದ್ದೆವು. ನೀಲಗಿರಿ ಎಲೆಗಳು ಸುರುಳಿ ಸುತ್ತುತ್ತಾ ನಮ್ಮ ಪಕ್ಕದಲ್ಲೇ ತೇಲಿಹೋಗುತ್ತಿದ್ದವು. ಅಕ್ಕಪಕ್ಕದ ಕಾರ್ಖಾನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು. ಕಣ್ಣು ಅರ್ಧ ಮುಚ್ಚಿದರೆ ಸಿಮೆಂಟು ನೆಲ ನಿಜವಾಗಿಯೂ ಜಾರುತ್ತಿತ್ತು. ಆ ಮಧ್ಯಾಹ್ನಗಳಲ್ಲಿ ನಾನು ಸುಖವಾಗಿದ್ದೆ, ಅದಕ್ಕಿಂತ ಬೇರೆ ಮಾತು ಹೊಳೆಯುತ್ತಿಲ್ಲ.

ಆಗೆಲ್ಲ ಕರೆಂಟು ಹೋಗುವುದು ಮಾಮೂಲು. ಕರೆಂಟು ಹೋದ ಕೂಡಲೇ ಶೆಡ್ಡು ಒಮ್ಮೆಲೇ ತಣ್ಣಗಾಗುತ್ತಿತ್ತು. ಮೇಲಿನ ಕಬ್ಬಿಣದ ತೊಲೆಗಳಲ್ಲಿ ಗುಬ್ಬಿಗಳಿವೆ ಎಂದು ಆಗ ಗೊತ್ತಾಗುತ್ತಿತ್ತು. ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟು ಹರಟಲು ಶುರುಮಾಡುತ್ತಿದ್ದೆವು. ಮೇಸ್ತ್ರಿ ಮಾತ್ರ ಎದ್ದು ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಒಬ್ಬರೇ ಕೂರುತ್ತಿದ್ದರು. ದೊಡ್ಡ ಮನುಷ್ಯ, ನಮ್ಮ ಪೋಲಿ ಮಾತು ಅವರಿಗೆ ಹಿಡಿಸುವುದಿಲ್ಲ ಎಂದುಕೊಂಡು ನಾವು ದನಿ ತಗ್ಗಿಸುತ್ತಿದ್ದೆವು.

ಸಂಕ್ರಾಂತಿಯ ರಜೆಯಲ್ಲಿ ಹೊಳೆ ನೋಡಿ ಬರಲು ಹೊರಟೆವು. ಎರಡು ಬಸ್ಸು ಬದಲಾಯಿಸಿ, ಕೊನೆಗೆ ಕಾಡಿನ ದಾರಿಯಲ್ಲಿ ನಡೆದು ಸೇರಿದಾಗ ಹೊಳೆ ತಳ ತೋರಿಸಿಕೊಂಡು ಸಾಧುವಾಗಿ ಮಲಗಿತ್ತು. ಅಲ್ಲಿ ಹರಿಗೋಲು ನಡೆಸುತ್ತಿದ್ದ ಒಬ್ಬ ಮುದುಕ ಅಂಬಿಗ ಸಿಕ್ಕಿದ. ನಮ್ಮ ಯೋಜನೆಯನ್ನು ಕೇಳಿ ಅವನು ನಗಲಿಲ್ಲ, ಅದೇ ನಮಗೆ ಭಯ ಹುಟ್ಟಿಸಿತು. ಕಾರ್ತಿಕದಲ್ಲಿ ಬಂದರೆ ತಾನೇ ಬಾಲದಲ್ಲಿ ಕೂತು ನೀರು ಧುಮುಕುವ ನಾಲ್ಕು ಬೀಳು ದಾಟಿಸುತ್ತೇನೆ, ಆದರೆ ಮುಂದೆ ಕೂರುವವನು ಸರಿಯಾಗಿರಬೇಕು ಎಂದ. ತಿರುವಿನ ಆಚೆ ಏನಿದೆ ಎಂದು ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ ಎಂಬುದು ಅವನ ವಾದ. "ಒಳೆ ಮೊದ್ಲು ಕಿವಿಗ್ ಬತ್ತದೆ ಸಾಮಿ, ಆಮ್ಯಾಕೆ ಕಣ್ಗೆ," ಎಂದ.

ಹಾಗೆಂದು ನಮ್ಮನ್ನು ಒಂದು ತಿರುವಿನ ಹತ್ತಿರ, ಗಿಡಗಳ ಮರೆಯಲ್ಲಿ ಸಾಲಾಗಿ ನಿಲ್ಲಿಸಿದ. ಕಣ್ಣು ಮುಚ್ಚಿಕೊಂಡು ನೀರು ಎಲ್ಲಿ ಬೀಳುತ್ತಿದೆ ಎಂದು ಕೈ ತೋರಿಸಿ ಎಂದ. ಎಲ್ಲೋ ದೂರದಲ್ಲಿ ಮೊರದಲ್ಲಿ ಅಕ್ಕಿ ಕೇರುವಂಥ ಸಣ್ಣ ಸದ್ದು ಕೇಳುತ್ತಿತ್ತು. ನಾನು ಬಲಗಡೆಗೆ ಕೈ ತೋರಿಸಿದೆ. ತೋರಿಸಿ, ಸುಮ್ಮನಿರಲಾರದ ಬುದ್ಧಿ ನೋಡಿ, ಬೇರೆಯವರು ಎತ್ತ ತೋರಿಸಿದ್ದಾರೆಂದು ಕಣ್ಣು ಬಿಟ್ಟೆ. ಕುಲುಮೆಯವನು, ಪ್ರೆಸ್ಸಿನವನು ಇಬ್ಬರೂ ಕಣ್ಣು ಮುಚ್ಚಿ ಬಲಕ್ಕೇ ತೋರಿಸುತ್ತಿದ್ದರು. ಮೇಸ್ತ್ರಿಯ ಕಣ್ಣು ಮಾತ್ರ ಪೂರ್ತಿ ತೆರೆದಿತ್ತು. ಅವರು ನಮ್ಮ ಕೈಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಕೈಯನ್ನೂ ಬಲಕ್ಕೆ ಎತ್ತಿದರು. ಎತ್ತಿದ ಮೇಲೆ ನನ್ನ ಕಣ್ಣು ಅವರಿಗೆ ಸಿಕ್ಕಿತು.

ಆ ಗಳಿಗೆಯಲ್ಲಿ ಹೊಂಗೆ ಮರ, ಏನು ಕೇಳಿದರೂ ಬರುತ್ತಿದ್ದ ಆ ನಗು, ಮೌನದ ಬಂಗಾರ ಎಲ್ಲ ಒಟ್ಟಿಗೆ ಅರ್ಥವಾಯಿತು. ಮೇಸ್ತ್ರಿಗೆ ಕಿವಿ ಕೇಳುತ್ತಿರಲಿಲ್ಲ. ಯಾವತ್ತಿನಿಂದಲೋ ಏನೋ. ಬೇರೆ ಎಲ್ಲಾದರೂ ಆಗಿದ್ದರೆ ಒಂದೇ ದಿನದಲ್ಲಿ ಗೊತ್ತಾಗಿಬಿಡುತ್ತಿತ್ತು. ನಮ್ಮ ಶೆಡ್ಡಿನಲ್ಲಿ ಕೇಳುವವನಿಗೂ ಕೇಳದವನಿಗೂ ವ್ಯತ್ಯಾಸವೇ ಇರಲಿಲ್ಲ. ದಿನಕ್ಕೆ ಎಂಟು ಗಂಟೆ ಒಟ್ಟಿಗೆ ದುಡಿದು, ವರ್ಷಗಟ್ಟಲೆ ಕೈಯಲ್ಲಿ ಹರಟೆ ಹೊಡೆದು, ನಮ್ಮ ನಾಯಕ ಕಿವುಡ ಎಂದು ನಮಗೆ ಗೊತ್ತಿರಲಿಲ್ಲ. ಇಂಥ ತಪ್ಪು ಮಾಡಲು ನಮ್ಮಂಥವರೇ ಬೇಕು.

ಬರುವಾಗ ಬಸ್ಸಿನಲ್ಲಿ ನಾನು ಅವರ ಪಕ್ಕ ಕೂರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಮುಂದೆ ಕೂರುವವನ ಕಿವಿಯ ಮೇಲೆ ಐದು ಜನರ ಜೀವ ಇರುವಾಗ, ಕಿವಿ ಕೇಳುವುದಿಲ್ಲ ಎಂದು ಹೇಳದೆ ಕೈ ಎತ್ತಿ ನಾಟಕ ಆಡಿದರಲ್ಲ ಎಂದು. ಉಳಿದಿಬ್ಬರಿಗೆ ಹೇಳಿಬಿಡಬೇಕು ಅನಿಸುತ್ತಿತ್ತು. ಹೇಳಿದರೆ ಪ್ರೆಸ್ಸಿನವನು ಖಂಡಿತ ಹಿಂದೆ ಸರಿಯುತ್ತಾನೆ, ಇಲ್ಲವೇ ಮೇಸ್ತ್ರಿಯನ್ನು ಬಿಟ್ಟು ಹೋಗೋಣ ಎನ್ನುತ್ತಾನೆ. ಆ ಚಿತ್ರವನ್ನು ಪೆಟ್ಟಿಗೆಯಿಂದ ಎತ್ತಿ ದೇವರ ಪಕ್ಕ ಅಂಟಿಸಿದವರು ಅವರು. ಅವರನ್ನು ಬಿಟ್ಟರೆ ಈ ಹೊಳೆ ಯಾರದು? ಹೇಳದಿದ್ದರೆ ಯಾರಾದರೂ ಸಾಯಬಹುದು. ಕನಕಪುರದಿಂದ ಬೆಂಗಳೂರಿನವರೆಗೂ ಇದನ್ನೇ ಕಿಟಕಿಯ ಸರಳಿಗೆ ತಲೆ ಆನಿಸಿಕೊಂಡು ಅರೆಯುತ್ತಾ ಬಂದೆ.

ರಜೆ ಮುಗಿದು ಕೆಲಸಕ್ಕೆ ಬಂದ ದಿನ, ಹ್ಯಾಮರುಗಳೆಲ್ಲ ಜೋರಾಗಿ ಬೀಳುತ್ತಿದ್ದಾಗ, ಅವರನ್ನು ಕುಲುಮೆಯ ಹಿಂದಿನ ಮೂಲೆಗೆ ಕರೆದೆ. ಗುಟ್ಟಾಗಿ ಮಾತಾಡೋಣ ಎಂದು. ನನ್ನ ಕಿವಿ ಮುಟ್ಟಿಕೊಂಡು, ಅಂಗೈ ಅಲ್ಲಾಡಿಸಿ, ಅವರ ಕಡೆ ಬೆರಳು ಮಾಡಿದೆ. ಅವರು ಒಂದು ಕ್ಷಣ ನೋಡಿ ತಲೆಯಾಡಿಸಿದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮೋಸ ಎಂಬುದಕ್ಕೂ ನಮ್ಮಲ್ಲಿ ಸನ್ನೆಯಿತ್ತು, ಅಂಗೈಯನ್ನು ಮಗುಚಿ ಹಿಡಿಯುವುದು. ಅದನ್ನೂ ಮಾಡಿದೆ, ಎರಡು ಸಲ. ಅವರು ನನ್ನ ಮೇಲೆ ಕೋಪಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಸುತ್ತ ನೋಡಿ, ಗೋಡೆಯ ಪಕ್ಕ ಬಿಟ್ಟಿದ್ದ ತಮ್ಮ ಚಪ್ಪಲಿಗಳನ್ನು ತಂದು ನನ್ನ ಮುಂದೆ ಜೋಡಿಸಿಟ್ಟರು. ಪಕ್ಕದಲ್ಲಿ ನನ್ನ ಚಪ್ಪಲಿ, ಇನ್ನೂ ಎರಡು ಜೊತೆ. ತೋಳನ್ನು ಆಡಿಸಿ ಹೊಳೆ ತೋರಿಸಿದರು, ನಮ್ಮೆಲ್ಲರನ್ನೂ ಆ ಹೊಳೆಯಲ್ಲಿ ದೂರಕ್ಕೆ ಕಳಿಸಿದರು. ಆಮೇಲೆ ಅಷ್ಟು ದೊಡ್ಡ ಮನುಷ್ಯ ಆ ಚಪ್ಪಲಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಣಕಾಲು ಅಪ್ಪಿಕೊಂಡು, ದಡದ ಕಾವಲುಗಾರನ ಹಾಗೆ ನನ್ನನ್ನು ನೋಡಿದರು.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಆಗ ಕಾಲ ಕೆಳಗೆ ಏನೋ ಕಡಿಮೆಯಾದಂತೆ ಅನಿಸಿತು. ನೆಲ ನಡುಗುತ್ತಿರಲಿಲ್ಲ. ಮೂರು ಹ್ಯಾಮರುಗಳೂ ನಿಂತಿದ್ದವು. ಕರೆಂಟು ಹೋಗಿರಲಿಲ್ಲ. ಶೆಡ್ಡಿನಲ್ಲಿದ್ದ ಎಲ್ಲರೂ ಕೈ ಬಿಟ್ಟು ನಮ್ಮನ್ನೇ ನೋಡುತ್ತಾ ನಿಂತಿದ್ದರು. ಗುಟ್ಟಿನ ಮಾತಿಗೆ ಮೂಲೆ ಹುಡುಕಿದ ನನಗೆ, ನಾವು ಕೈಯಲ್ಲಿ ಮಾತಾಡುತ್ತಿದ್ದೇವೆ ಎಂಬುದೇ ಮರೆತುಹೋಗಿತ್ತು. ಪಿಸುಮಾತು ಎಂಬುದೊಂದು ನಮ್ಮ ಭಾಷೆಯಲ್ಲಿ ಇರಲಿಲ್ಲ. ಇಡೀ ಶೆಡ್ಡು ಮೊದಲಿನಿಂದ ಕೊನೆಯವರೆಗೆ ಓದಿಕೊಂಡಿತ್ತು.

ಮೇಸ್ತ್ರಿಗೂ ಕಾಲಿನಲ್ಲೇ ಗೊತ್ತಾಯಿತು. ಎದ್ದು ನಿಂತು, ತಿರುಗಿ ಎಲ್ಲರ ಮುಖ ನೋಡಿದರು. ಅವರ ದನಿ ಆ ನಿಶ್ಶಬ್ದದಲ್ಲಿ ಬೇಕಾದ್ದಕ್ಕಿಂತ ಜೋರಾಗಿ, ಸ್ವಲ್ಪ ಓರೆಯಾಗಿ ಬಂತು. "ಕಿವಿ ಓಗಿ ಆರೊರ್ಸ ಆಯ್ತು ಕಣ್ರಪ್ಪಾ. ನನ್ನ ಬಿಟ್ಟೋಗೋದಾದ್ರೆ ಈಗ್ಲೇ ಹೇಳ್ಬುಡಿ. ದಡದಾಗೆ ಚಪ್ಲಿ ಕಾಯಾಕೆ ನಾನ್ ಬರಾಕಿಲ್ಲ."

ಮೇಲೆ ಗುಬ್ಬಿಗಳು ಕಚಪಚ ಅನ್ನುತ್ತಿದ್ದವು. ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ಬಂದದ್ದನ್ನು ಯಾರೋ ಕೈಯಲ್ಲಿ ತೋರಿಸಿದರು, ಹ್ಯಾಮರುಗಳು ಮತ್ತೆ ಬೀಳತೊಡಗಿದವು. ಆ ದಿನ ಊಟದ ಹೊತ್ತಿಗೆ ಸಿಮೆಂಟು ನೆಲದ ತೆಪ್ಪದಲ್ಲಿ ಯಾರೂ ಕೂರಲಿಲ್ಲ. ಮೇಸ್ತ್ರಿ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚಿ, ಮುದ್ದೆ ಮುರಿಯದೆ ಹಾಗೇ ಮುಚ್ಚಿದರು.

ಮಾರನೆಯ ಬೆಳಿಗ್ಗೆ ನಾನು ಸೈಕಲ್ ನಿಲ್ಲಿಸಿ ಹಿಂದೆ ಹೋದಾಗ ಸೀಮೆಸುಣ್ಣದ ನಕ್ಷೆ ಬದಲಾಗಿತ್ತು. ಮುಂದಿನ ಸೊನ್ನೆ ಮುಂದೆಯೇ ಇತ್ತು. ಬಾಲದಲ್ಲಿದ್ದ ನನ್ನ ಸೊನ್ನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮುಂದಕ್ಕೆ ತಂದು, ಮೇಸ್ತ್ರಿಯ ಬೆನ್ನಿಗೇ ಅಂಟಿದ ಹಾಗೆ ಬರೆದಿದ್ದರು. ಎರಡು ಸೊನ್ನೆಗಳ ನಡುವೆ ಒಂದು ಅಂಗೈಯ ಚಿತ್ರ, ಐದು ಬೆರಳು ಬಿಡಿಸಿ. ನನ್ನ ಕಿವಿ, ಅವರ ಕಣ್ಣು. ಬರೆದವರು ಯಾರು ಎಂದು ಇಬ್ಬರನ್ನೂ ಕೇಳಿದೆ. ಕುಲುಮೆಯವನು ಪ್ರೆಸ್ಸಿನವನ ಕಡೆ ತೋರಿಸಿದ, ಪ್ರೆಸ್ಸಿನವನು ಆಕಾಶ ನೋಡಿದ. ಅವನ ಪ್ಯಾಂಟಿನ ಮಂಡಿಯ ಮೇಲೆ ಸುಣ್ಣದ ಬಿಳಿ ಇತ್ತು. ಎಲ್ಲಕ್ಕೂ ಹೆದರುವವನು ಅವನು. ನಾನು ಅವನ ಬಗ್ಗೆ ಬಸ್ಸಿನಲ್ಲಿ ಅಂದುಕೊಂಡದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಮೇಸ್ತ್ರಿ ಬಂದರು, ನಕ್ಷೆಯನ್ನು ನೋಡಿದರು, ಹೆಲ್ಮೆಟ್ ತೆಗೆದು ಮತ್ತೆ ಹಾಕಿಕೊಂಡರು. ಬೋರಲು ಪೆಟ್ಟಿಗೆಯೊಂದನ್ನು ಕಾಲಲ್ಲಿ ತಳ್ಳಿ ತಮ್ಮ ಸೊನ್ನೆಯ ಮೇಲೆ ಕೂತರು.

ಅಂದಿನಿಂದ ನಾನು ಅವರ ಬೆನ್ನಿನ ಮೇಲೆ ಮಾತಾಡಲು ಕಲಿತೆ. ಎಡ ಭುಜಕ್ಕೆ ತಟ್ಟಿದರೆ ಸದ್ದು ಎಡದಿಂದ ಬರುತ್ತಿದೆ, ಬಲಕ್ಕೆ ತಟ್ಟಿದರೆ ಬಲದಿಂದ. ಅಂಗೈಯನ್ನು ಪೂರ್ತಿ ಒತ್ತಿದರೆ ಹತ್ತಿರ ಬಂತು, ಹೆಚ್ಚು ಒತ್ತಿದಷ್ಟೂ ದೊಡ್ಡದು. ತುಮಕೂರು ರಸ್ತೆಯ ಲಾರಿಗಳ ಮೇಲೆ ಅಭ್ಯಾಸ ಮಾಡಿದೆವು. ರಸ್ತೆಗೆ ಬೆನ್ನು ಮಾಡಿ ಕೂತು, ಲಾರಿ ಬರುವ ದಿಕ್ಕನ್ನು ಕೈ ಎತ್ತಿ ಹೇಳುತ್ತಾ ಹೇಳುತ್ತಾ, ಕೊನೆಗೆ ಅವರು ಹೊರೆ ಹೊತ್ತ ಲಾರಿ ಯಾವುದು ಖಾಲಿ ಲಾರಿ ಯಾವುದು ಎಂದೂ ನನ್ನ ಅಂಗೈಯಿಂದಲೇ ತಿಳಿಯುವಷ್ಟಾದರು. ಮಳೆ ಬಂತು, ಹೋಯಿತು. ಆಯುಧ ಪೂಜೆಯ ದಿನ ಹ್ಯಾಮರುಗಳ ಸಾಲಿನಲ್ಲಿ ನಮ್ಮ ತೆಪ್ಪವನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚಿ, ಟ್ಯೂಬುಗಳಿಗೆ ಚೆಂಡು ಹೂವಿನ ಹಾರ ಹಾಕಿದರು. ಬೂದುಗುಂಬಳ ಒಡೆದವರು ಇಡೀ ಶೆಡ್ಡಿನವರು.

ದೀಪಾವಳಿ ಕಳೆದು ಒಂದು ಭಾನುವಾರದ ಬೆಳಿಗ್ಗೆ ತೆಪ್ಪವನ್ನು ನೀರಿಗೆ ಇಳಿಸಿದೆವು. ಅಂಬಿಗನಿಗೆ ಎಲ್ಲವನ್ನೂ ಮೊದಲೇ ಹೇಳಿದೆ. ಅವನು ಮೇಸ್ತ್ರಿಯನ್ನು ಕೆಳಗಿಂದ ಮೇಲೆ ನೋಡಿ, ನನ್ನ ಕೈಯನ್ನು ನೋಡಿ, ಏನೋ ಗೊಣಗಿಕೊಂಡು ಬಾಲದಲ್ಲಿ ಕೂತ. ಹೊಳೆಯ ಮೇಲೆ ಮಂಜು ಎದ್ದಿತ್ತು. ಮೊದಲ ಅರ್ಧ ಗಂಟೆ ನೀರು ನಮ್ಮನ್ನು ಎಚ್ಚರಿಸದಂತೆ ಹೊತ್ತುಕೊಂಡು ಹೋಯಿತು. ಸಿಮೆಂಟು ನೆಲದ ಮೇಲೆ ಕಂಡಿದ್ದ ಕನಸೇ ಮುಂದುವರಿದಿದೆ ಅನಿಸಿತು. ಆಮೇಲೆ ಆ ಅಕ್ಕಿ ಕೇರುವ ಸದ್ದು ಬಲಗಡೆಯಿಂದ ಬಂತು. ಬಲ ಭುಜ ತಟ್ಟಿದೆ. ಸದ್ದು ಬೆಳೆಯಿತು. ಅಂಗೈ ಒತ್ತಿದೆ, ಇನ್ನೂ ಒತ್ತಿದೆ. ಮೇಸ್ತ್ರಿಯ ಕೈ ಮೇಲೆದ್ದಿತು.

ತಿರುವು ದಾಟಿದ ಮೇಲೆ ಅಂಬಿಗ ಹಿಂದಿನಿಂದ ಕೂಗಿದ್ದು ಒಂದೂ ಕೇಳಲಿಲ್ಲ. ಆ ಭೋರ್ಗರೆತದಲ್ಲಿ ಎಲ್ಲರ ಕಿವಿಯೂ ಒಂದೇ ಆಗಿತ್ತು. ನಾವು ಮೂವರು ಆ ಒಂದು ಕೈಯನ್ನು ಮಾತ್ರ ನೋಡುತ್ತಿದ್ದೆವು, ಎಡ ಅಂದರೆ ಎಡ, ತಡೆ ಅಂದರೆ ತಡೆ. ಹ್ಯಾಮರಿನ ಮುಂದೆ ವರ್ಷಗಟ್ಟಲೆ ಮಾಡಿದ್ದೇ ಅದು, ಕೈ ತಪ್ಪಲಿಲ್ಲ. ಎರಡು ಬೀಳು ದಾಟಿದೆವು. ಮೂರನೆಯದರಲ್ಲಿ ಒಂದು ಟ್ಯೂಬು ಬಂಡೆಗೆ ಉಜ್ಜಿ ಒಡೆದು, ಎಲ್ಲರೂ ನೀರಿಗೆ ಬಿದ್ದೆವು. ಹಳದಿ ಹೆಲ್ಮೆಟ್ಟುಗಳು ಕುಂಬಳಕಾಯಿಗಳ ಹಾಗೆ ತೇಲಿದವು. ಥರ್ಮೋಕೋಲ್ ನಮ್ಮನ್ನು ಹೊತ್ತು ಒಂದು ಮರಳ ದಿಣ್ಣೆಗೆ ತಂದು ಹಾಕಿತು. ನಾಲ್ಕನೆಯ ಬೀಳು ನಾವು ನೋಡಲೇ ಇಲ್ಲ. ತೆಪ್ಪವನ್ನು ಹೊತ್ತು ನಡೆದು ವಾಪಸ್ಸಾದೆವು.

ಆದರೆ ಹೊರಡುವ ಮೊದಲು, ಮರಳಿನ ಮೇಲೆ ಎಲ್ಲರೂ ಅಂಗಾತ ಬಿದ್ದು ಉಸಿರು ಬಿಡುತ್ತಿದ್ದಾಗ, ಮೇಸ್ತ್ರಿ ನನ್ನ ಹತ್ತಿರ ಬಂದು ಕೂತು ತಮ್ಮ ಮೂಗಿನ ತುದಿ ಮುಟ್ಟಿಕೊಂಡರು. ಆಮೇಲೆ ಹೊಳೆಯನ್ನು ತೋರಿಸಿ, ಕಿವಿ ಮುಟ್ಟಿ, ಅಂಗೈ ಬಿಚ್ಚಿದರು. ಅದರ ಸದ್ದು ಹೇಗಿತ್ತು?

ನಾನು ಮೊದಲು ಹ್ಯಾಮರನ್ನು ತೋರಿಸಿದೆ. ಅಲ್ಲ, ಹ್ಯಾಮರು ಏಟಿನ ನಡುವೆ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಕಾದ ಕಬ್ಬಿಣವನ್ನು ನೀರಿಗೆ ಅದ್ದುವುದನ್ನು ತೋರಿಸಿದೆ. ಅದೂ ಅಲ್ಲ, ಅದು ತಣಿದು ಸುಮ್ಮನಾಗುತ್ತದೆ. ಅವರು ಕಾಯುತ್ತಿದ್ದರು. ಕೊನೆಗೆ ನಾನು ಎರಡೂ ಅಂಗೈಗಳನ್ನು ಒಂದರ ಮೇಲೊಂದು ಉರುಳಿಸತೊಡಗಿದೆ, ನಿಧಾನವಾಗಿ, ಆಮೇಲೆ ಜೋರಾಗಿ, ಬೆರಳುಗಳನ್ನು ನಡುಗಿಸುತ್ತಾ, ನಿಲ್ಲಿಸದೆ. ತೋಳು ಸೋತಾಗ ಎರಡೂ ಅಂಗೈಗಳನ್ನು ಅವರ ಎದೆಯ ಮೇಲೆ ಒತ್ತಿದೆ. ಅವರು ಕಣ್ಣು ಮುಚ್ಚಿದರು. ಹೊಸ ಸನ್ನೆ ಕಲಿಯುವವರ ಹಾಗೆ ತಾವೂ ಅದನ್ನು ಒಮ್ಮೆ ಮಾಡಿ ನೋಡಿ, ಸರಿಯೇ ಎಂದು ಕೇಳಿದರು. ಸರಿ ಎಂದೆ.

ಮೇಸ್ತ್ರಿ ಈಗ ಇಲ್ಲ. ಶೆಡ್ಡೂ ಇಲ್ಲ. ನನ್ನ ಕಿವಿಗಳೂ ಅವರ ದಾರಿಯನ್ನೇ ಹಿಡಿದು ಹತ್ತು ವರ್ಷವಾಗುತ್ತಾ ಬಂತು. ಶೆಡ್ಡಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಕೊಟ್ಟಾಗ ಅದರಲ್ಲಿ ಕೈ ಒರೆಸಿಕೊಂಡವರು ನಾವು, ಯಾರನ್ನು ಬೈಯಲಿ. ಅಡುಗೆ ಮನೆಯ ನಲ್ಲಿ ನಿಲ್ಲಿಸದೆ ಬಂದುಬಿಡುತ್ತೇನೆ ಎಂದು ಹೆಂಡತಿಗೆ ಸಿಟ್ಟು. ನೀರು ಹರಿಯುತ್ತಿರುವುದು ನನಗೆ ಗೊತ್ತಾಗುವುದಿಲ್ಲ. ಕಿವಿಗೆ ಹಾಕಿಕೊಳ್ಳುವ ಯಂತ್ರ ತಟ್ಟೆ ಲೋಟಗಳ ಸದ್ದನ್ನು ಕೊಡುತ್ತದೆ, ಹೊಳೆಯದನ್ನು ಕೊಡುವುದಿಲ್ಲ. ನೆನಪಿನಲ್ಲಿ ಹುಡುಕಿದರೆ ಮಂಜು ಇದೆ, ಬಂಡೆ ಇದೆ, ಮುಂದೆ ಎದ್ದ ಆ ಕೈ ಇದೆ, ಸದ್ದು ಮಾತ್ರ ಅಳಿಸಿಹೋಗಿದೆ. ಅವರಿಗೆಂದು ಅವತ್ತು ಮರಳ ಮೇಲೆ ಕೂತು ಕಟ್ಟಿಕೊಟ್ಟೆನಲ್ಲ, ಅದೊಂದೇ ನನಗೂ ಉಳಿದಿರುವುದು. ಒಮ್ಮೊಮ್ಮೆ ಸಂಜೆ ಮೆಟ್ಟಿಲ ಮೇಲೆ ಒಬ್ಬನೇ ಕೂತಾಗ ಅಂಗೈಗಳನ್ನು ಒಂದರ ಮೇಲೊಂದು ಉರುಳಿಸುತ್ತೇನೆ. ತೋಳು ಸೋತಾಗ ಅವನ್ನು ನನ್ನ ಎದೆಯ ಮೇಲೆ ಒತ್ತಿಕೊಂಡು, ಹೌದು, ಹೀಗೇ ಇತ್ತು ಎಂದುಕೊಳ್ಳುತ್ತೇನೆ.